ಋಣದ ಗೋಡೆ

ನಾವು ಚಿತ್ರ ಬರೆಯುವವರು. ನಮ್ಮ ಮನೆಗಳಲ್ಲಿ ಎರಡು ಬಗೆಯ ಚಿತ್ರಗಳಿವೆ: ನಾವು ಬರೆದವು, ನಮ್ಮಿಂದ ಬರೆಸಿದವು. ಮೊದಲನೆಯವು ಊರೂರು ತಿರುಗಿವೆ, ಕಟ್ಟು ಹಾಕಿಸಿಕೊಂಡಿವೆ, ಕ್ಯಾಟಲಾಗುಗಳಲ್ಲಿ ಅಚ್ಚಾಗಿವೆ. ಎರಡನೆಯವು ಮಲಗುವ ಕೋಣೆಯ ಗೋಡೆಯಲ್ಲಿ, ಅಟ್ಟದ ಟ್ರಂಕಿನಲ್ಲಿ, ಬೀರುವಿನ ಹಿಂದೆ ಒರಗಿಸಿಟ್ಟ ರಟ್ಟುಗಳ ನಡುವೆ ಉಳಿದುಬಿಟ್ಟಿವೆ. ಗೆಳೆಯನೊಬ್ಬ ಕೊಟ್ಟ ರೇಖಾಚಿತ್ರ, ಗುರುಗಳು ತಿದ್ದಿಕೊಟ್ಟ ಹಾಳೆ, ಜಾತ್ರೆಯಲ್ಲಿ ಕೊಂಡ ಗೊಂಬೆ, ಅಜ್ಜಿಯ ದೇವರ ಮನೆಯಿಂದ ಇಳಿದು ಬಂದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ. ಇನ್ನು ಮುಂದೆ ಈ ಎರಡೂ ಒಂದೇ ಗೋಡೆಗೆ ಬರುತ್ತವೆ. ಹೀಗೆಂದು ಸಾರುವುದಕ್ಕೇ ನಾವು ಕೂಡಿದ್ದೇವೆ.

ಕಲಾವಿದ ಒಂಟಿಯಾಗಿ ಹುಟ್ಟುತ್ತಾನೆ ಎಂದು ನಂಬಿದ್ದ ಕಾಲ ಮುಗಿಯಿತು. ಆ ನಂಬಿಕೆ ತನಗೆ ತಕ್ಕ ಗುಡಿಯನ್ನೂ ಕಟ್ಟಿಕೊಂಡಿತ್ತು: ನಾಲ್ಕು ಬಿಳಿ ಗೋಡೆ, ಮೇಲಿನಿಂದ ಬೀಳುವ ಬೆಳಕು, ಬಾಗಿಲಲ್ಲಿ ಒಂದೇ ಒಂದು ಹೆಸರು. ಅಲ್ಲಿ ತೂಗುವ ಚಿತ್ರಗಳು ಉದ್ಭವ ಲಿಂಗದ ಹಾಗೆ ನೆಲ ಸೀಳಿಕೊಂಡು ತಾವೇ ಎದ್ದು ಬಂದವೆಂದು ನೋಡುವವರಿಗೆ ತೋರಬೇಕಿತ್ತು. ಕ್ಯಾಟಲಾಗಿನಲ್ಲಿ ಹುಟ್ಟಿದ ಇಸವಿ, ಓದಿದ ಶಾಲೆ, ಬಂದ ಬಹುಮಾನ, ಏಕವ್ಯಕ್ತಿ ಪ್ರದರ್ಶನಗಳ ಎಣಿಕೆ. ಈ ಹಳದಿಯನ್ನು ಯಾರಿಂದ ಕಲಿತೆ, ಈ ಗೆರೆಯನ್ನು ಯಾರ ಕೈಯಿಂದ ಇಸಿದುಕೊಂಡೆ ಎಂದು ಹೇಳಲು ಅದರಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಮಾರಾಟವಾಯಿತೆಂದು ಗುರುತಿಸುವ ಕೆಂಪು ಚುಕ್ಕೆ ಬಿತ್ತೇ ಇಲ್ಲವೇ ಎಂಬ ಒಂದೇ ಮಾತಿನಲ್ಲಿ ಉದ್ಘಾಟನೆಯ ಸಂಜೆ ಕಳೆದುಹೋಗುತ್ತಿತ್ತು.

ಆ ಕಾಲ ಇನ್ನೊಂದು ಹಾನಿಯನ್ನೂ ಮಾಡಿತು. ಬರೆಯುವವನು ಮಾರಬೇಕು, ಉಳ್ಳವನು ಕೂಡಿಸಬೇಕು ಎಂದು ಗೆರೆ ಎಳೆದು, ಸಂಗ್ರಹ ಎಂಬ ಮಾತನ್ನೇ ಹಣದ ಕೈಗೆ ಕೊಟ್ಟುಬಿಟ್ಟಿತು. ಬೆಲೆ ಬರುವುದಕ್ಕೆ ಮುಂಚೆ, ಹೆಸರು ಬರುವುದಕ್ಕೆ ಮುಂಚೆ, ಯಾರೂ ತಿರುಗಿ ನೋಡದಿದ್ದ ಹೊತ್ತಿನಲ್ಲಿ ಒಂದು ಚಿತ್ರವನ್ನು ಎತ್ತಿ ಒಳಗಿಟ್ಟುಕೊಂಡವರು ಎಷ್ಟೋ ಸಲ ಇನ್ನೊಬ್ಬ ಚಿತ್ರಕಾರರೇ ಆಗಿದ್ದರು. ಅವರನ್ನು ಸಂಗ್ರಹಕಾರರೆಂದು ಯಾರೂ ಕರೆಯಲಿಲ್ಲ. ಅವರೂ ಹಾಗೆ ಕರೆದುಕೊಳ್ಳಲಿಲ್ಲ.

ನಮ್ಮಲ್ಲೊಬ್ಬರು ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಅವರ ಗುರುಗಳು ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಜೀವಮಾನವಿಡೀ ಚಿತ್ರ ಕಲಿಸಿದವರು. ಅವರು ತೀರಿಕೊಂಡ ಮೇಲೆ ಸ್ವಂತ ಕ್ಯಾನ್‌ವಾಸುಗಳನ್ನು ಮನೆಯವರು ಬಟ್ಟೆ ಸುತ್ತಿ ಜೋಪಾನ ಮಾಡಿದರು. ಅವುಗಳ ಮೇಲೆ ರುಜು ಇತ್ತು. ಅಟ್ಟದಲ್ಲಿ ಇನ್ನೊಂದು ರಾಶಿ ಇತ್ತು. ನಾಟಕ ಕಂಪನಿಯೊಂದು ಮುಚ್ಚಿದಾಗ ಅದರ ಪರದೆಯಿಂದ ಕತ್ತರಿಸಿ ತಂದ ಅರಮನೆಯ ಕಂಬ, ಶಿಷ್ಯರ ಮೊದಲ ಜಲವರ್ಣಗಳು, ಜೊತೆಯಲ್ಲಿ ಓದಿದವರೊಡನೆ ಅದಲುಬದಲು ಮಾಡಿಕೊಂಡ ರೇಖಾಚಿತ್ರಗಳು, ತೋಳು ಹರಿದ ತೊಗಲಿನ ಹನುಮಂತ. ಯಾವುದರ ಹಿಂದೆಯೂ ಏನೂ ಬರೆದಿರಲಿಲ್ಲ. ಯಾವುದು ಯಾರದು, ಯಾಕೆ ತಂದದ್ದು ಎಂದು ಹೇಳಬಲ್ಲವರು ಒಬ್ಬರೇ ಇದ್ದರು, ಅವರೇ ಹೋಗಿದ್ದರು. ರಾಶಿ ಗುಜರಿಗೆ ಹೋಯಿತು. ಕಾಗದ ಕಾಗದದ ತೂಕಕ್ಕೆ, ಬಟ್ಟೆ ಬಟ್ಟೆಯ ತೂಕಕ್ಕೆ. ಆ ಮನೆಯವರನ್ನು ನಾವು ದೂರುವುದಿಲ್ಲ. ಕ್ಯಾನ್‌ವಾಸುಗಳಷ್ಟೇ ಆ ರಾಶಿಯೂ ಗುರುಗಳ ಕೆಲಸವೇ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಶಿಷ್ಯರಾದ ನಾವೂ ತಿಳಿಸಿರಲಿಲ್ಲ.

ಚಿತ್ರ ಬರೆಯುವವರ ಸಂಗ್ರಹ ಬೇರೆ ಯಾರ ಸಂಗ್ರಹದ ಹಾಗೂ ಇರುವುದಿಲ್ಲ. ಅದರಲ್ಲಿ ಶತಮಾನಗಳ ಸಾಲು ಸಿಗದು, ಪಂಥಗಳ ಲೆಕ್ಕ ಸಿಗದು, ನಾಳೆ ಏರುವ ಬೆಲೆಯ ಎಣಿಕೆಯಂತೂ ಇಲ್ಲವೇ ಇಲ್ಲ. ಅದು ಹಸಿವಿನಿಂದ ಕೂಡಿಬಂದದ್ದು. ತನಗೆ ಒಲಿಯದ ವಿದ್ಯೆಯೊಂದು ಎದುರಿನ ಹಾಳೆಯಲ್ಲಿ ಸಲೀಸಾಗಿ ಕೂತಿರುವುದನ್ನು ಕಂಡಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಜೇಬು ಬರಿದಾಗಿದ್ದರೆ ತನ್ನದೊಂದು ಚಿತ್ರ ಕೊಟ್ಟು ಅದನ್ನು ತರುತ್ತದೆ. ನಾವು ಕಂತಿನಲ್ಲಿ ಕೊಂಡಿದ್ದೇವೆ. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಬಿಸಿಲಲ್ಲಿ ಬೆಳಗಿನಿಂದ ಕೂತು ಮಾರಿದ್ದರ ಅರ್ಧವನ್ನು ಸಂಜೆ ಪಕ್ಕದಲ್ಲಿ ಕೂತ ಹುಡುಗಿಯ ಮರದಚ್ಚಿನ ಚಿತ್ರಕ್ಕೆ ಕೊಟ್ಟು ಬಂದಿದ್ದೇವೆ. ತಂದದ್ದನ್ನು ದಿನವೂ ನೋಡುತ್ತೇವೆ. ಹಲ್ಲುಜ್ಜುವಾಗ, ಕಾಫಿ ಕುಡಿಯುವಾಗ, ನಿದ್ದೆ ಬಾರದ ರಾತ್ರಿ ದೀಪ ಹಾಕಿಕೊಂಡು ನೋಡುತ್ತೇವೆ. ವರ್ಷಗಳು ಕಳೆದ ಮೇಲೆ ಒಂದು ದಿನ ನಮ್ಮ ಕ್ಯಾನ್‌ವಾಸಿನ ಮೂಲೆಯಲ್ಲಿ ಆ ಹಾಳೆಯ ನೆರಳು ಬಿದ್ದಿರುತ್ತದೆ, ನಮಗೇ ತಿಳಿಯದ ಹಾಗೆ. ಆ ನೆರಳನ್ನು ಮುಚ್ಚಿಡುವುದನ್ನು ಹಿಂದಿನವರು ಸ್ವಂತಿಕೆ ಎಂದರು. ಅದನ್ನು ಎಲ್ಲರೆದುರು ತೋರುವ ಎದೆಗಾರಿಕೆಯನ್ನು ನಾವು ಸ್ವಂತಿಕೆ ಎನ್ನುತ್ತೇವೆ.

ನಮಗೆ ಪೂರ್ವಿಕರಿದ್ದಾರೆ. 1656ರಲ್ಲಿ ರೆಂಬ್ರಾಂಟ್ ಸಾಲದಲ್ಲಿ ಮುಳುಗಿ ದಿವಾಳಿಯೆದ್ದಾಗ ಆಮ್‌ಸ್ಟರ್‌ಡ್ಯಾಮಿನ ಅಧಿಕಾರಿಗಳು ಅವನ ಮನೆಯನ್ನು ಕೋಣೆ ಕೋಣೆಯಾಗಿ ಹೊಕ್ಕು ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಅವನು ಬರೆದ ಚಿತ್ರಗಳು ಬೇರೆಯವರ ಚಿತ್ರಗಳ, ಅಚ್ಚುಗಳ, ಶಿಲ್ಪಗಳ, ಕಡಲ ಚಿಪ್ಪುಗಳ ನಡುವೆ ಒಂದರ ಪಕ್ಕ ಒಂದು ಬರುತ್ತವೆ. ಅದೇ ವರ್ಷಗಳಲ್ಲಿ ಅವನು ಮೊಘಲ್ ಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಸಾಲ ಕೊಟ್ಟವರಿಗಾಗಿ ಬರೆದ ಪಟ್ಟಿಯೇ ಅವನ ಕಣ್ಣಿನ ಋಣದ ಪಟ್ಟಿಯೂ ಆಯಿತು.

ಚಿತ್ರಕಾರ ದೆಗಾನನ್ನು ನೆನೆಯುತ್ತೇವೆ. ಅವನ ಗೆಳೆಯ ಮಾನೆ ಮೆಕ್ಸಿಕೊದ ದೊರೆ ಮ್ಯಾಕ್ಸಿಮಿಲಿಯನ್ನನಿಗೆ ಗುಂಡಿಕ್ಕುವ ದೊಡ್ಡ ಚಿತ್ರವೊಂದನ್ನು ಬರೆದಿದ್ದ. ಮಾನೆ ಸತ್ತ ಮೇಲೆ ಆ ಕ್ಯಾನ್‌ವಾಸು ತುಂಡು ತುಂಡಾಗಿ ಚದುರಿಹೋಯಿತು. ದೆಗಾ ಒಂದೊಂದೇ ತುಂಡನ್ನು ಹುಡುಕಿ ಕೊಂಡು, ಮತ್ತೆ ಕೂಡಿಸಿದ. ಸಿಕ್ಕಷ್ಟು ಸಿಕ್ಕಿತು, ಸಿಗದಿದ್ದ ಕಡೆ ಖಾಲಿ ಉಳಿಯಿತು. ಅವನು ತೀರಿಕೊಂಡ ಮರುವರ್ಷ, 1918ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗ ಪ್ಯಾರಿಸ್ಸಿನಲ್ಲಿ ಅವನ ಸಂಗ್ರಹ ಹರಾಜಾಯಿತು. ಆ ತುಂಡುಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿ ಸೇರಿದವು. ನಡುನಡುವೆ ಬರಿಯ ಬಟ್ಟೆ ಕಾಣುವ ಆ ಚಿತ್ರದಲ್ಲಿ ಇಬ್ಬರು ಚಿತ್ರಕಾರರ ಕೈಗಳಿವೆ, ಬರೆದ ಕೈ ಮತ್ತು ಕೂಡಿಸಿದ ಕೈ. ಎರಡನೆಯ ಕೈಯನ್ನೂ ಚಿತ್ರಕಾರನ ಕೈ ಎಂದೇ ನಾವು ಎಣಿಸುತ್ತೇವೆ.

ಗುಸ್ತಾವ್ ಕಾಯ್‌ಬೊತ್‌ನ ಕತೆ ನಮಗೆ ಎಚ್ಚರಿಕೆ. ಇಂಪ್ರೆಷನಿಸ್ಟರಲ್ಲಿ ಒಬ್ಬನಾಗಿದ್ದ ಅವನು ಮೊನೆ, ರೆನ್ವಾರ್, ಪಿಸಾರೊ, ಸೆಜಾನ್ ಇವರ ಚಿತ್ರಗಳನ್ನು ಯಾರಿಗೂ ಬೇಡದಿದ್ದಾಗ ಕೊಂಡವನು. 1876ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿಯೇ, ತನ್ನ ಸಂಗ್ರಹವೆಲ್ಲ ಫ್ರಾನ್ಸ್ ಸರ್ಕಾರಕ್ಕೆ ಸೇರಬೇಕೆಂದು ಉಯಿಲು ಬರೆದ. 1894ರಲ್ಲಿ ಅವನು ತೀರಿಕೊಂಡಾಗ ಸರ್ಕಾರ ಹಿಂದುಮುಂದು ನೋಡಿ ಕೊನೆಗೆ ಸುಮಾರು ನಲವತ್ತು ಚಿತ್ರಗಳನ್ನು ಮಾತ್ರ ತೆಗೆದುಕೊಂಡಿತು. ಆ ದಾನದಲ್ಲಿ ಕಾಯ್‌ಬೊತ್ ತನ್ನದೊಂದು ಚಿತ್ರವನ್ನೂ ಸೇರಿಸಿರಲಿಲ್ಲ. ನೆಲದ ಹಲಗೆ ಹೆರೆಯುವ ಕೂಲಿಗಳನ್ನು ಬರೆದ ಅವನ ಚಿತ್ರ ಸರ್ಕಾರಕ್ಕೆ ಹೋದದ್ದು ಮನೆಯವರೂ ರೆನ್ವಾರನೂ ಮುಂದಾದದ್ದರಿಂದ. ದಶಕಗಳ ಕಾಲ ಲೋಕ ಅವನನ್ನು ದಾನಿ ಎಂದು ನೆನೆಯಿತು, ಚಿತ್ರಕಾರನೆಂಬುದನ್ನು ಮರೆಯಿತು. ತನ್ನ ಚಿತ್ರವನ್ನು ಗೆಳೆಯರ ಚಿತ್ರದ ಪಕ್ಕ ತೂಗುಹಾಕಲು ಸಂಕೋಚಪಟ್ಟ ಆ ದೊಡ್ಡ ಮನಸ್ಸಿಗೆ ನಾವು ಕೈಮುಗಿಯುತ್ತೇವೆ. ಆ ಸಂಕೋಚವನ್ನು ಮಾತ್ರ ನಾವು ಮುಂದುವರಿಸುವುದಿಲ್ಲ.

ಈ ದಾರಿಯಲ್ಲಿ ನಡೆಯುತ್ತ ನಮ್ಮ ನೆಲಕ್ಕೇ ಬಂದು ಮುಟ್ಟಿದವರು ಇಂಗ್ಲೆಂಡಿನ ಹೊವರ್ಡ್ ಹಾಜ್‌ಕಿನ್. ಹುಟ್ಟಿದ್ದು 1932ರಲ್ಲಿ. ಶಾಲೆಯಲ್ಲಿ ಚಿತ್ರದ ಮೇಷ್ಟರು ತೋರಿಸಿದ ಭಾರತೀಯ ಚಿತ್ರಗಳಿಗೆ ಮನಸೋತು ಹುಡುಗರಾಗಿದ್ದಾಗಲೇ ಕೂಡಿಸತೊಡಗಿದರು. 1964ರಲ್ಲಿ ಮೊದಲ ಸಲ ಭಾರತಕ್ಕೆ ಬಂದರು, ಆಮೇಲೆ ಬರುತ್ತಲೇ ಇದ್ದರು. ಮೊಘಲ್, ರಜಪೂತ, ಪಹಾಡಿ, ದಖ್ಖನಿ ಚಿತ್ರಗಳು ಅವರ ಮನೆಯಲ್ಲಿ ನೂರಿಪ್ಪತ್ತನ್ನು ದಾಟಿದವು. ಆನೆಯ ಚಿತ್ರ ಎಂದರೆ ಅವರಿಗೆ ತೀರದ ಆಸೆ. ಆ ಆನೆಗಳಲ್ಲಿ ಒಂದು ನಮ್ಮ ಬಿಜಾಪುರದ್ದು. ಸುಮಾರು 1645ರಲ್ಲಿ ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಇಬ್ಬರು ಚಿತ್ರಕಾರರು ಕೂಡಿ ಬರೆದದ್ದು: ಆನೆಯ ಮೇಲೆ ಸುಲ್ತಾನ ಮುಹಮ್ಮದ್ ಆದಿಲ್ ಶಾ, ಜೊತೆಯಲ್ಲಿ ಆಫ್ರಿಕಾ ಮೂಲದ ಮಂತ್ರಿ ಇಖ್ಲಾಸ್ ಖಾನ್. ಗೋಲ ಗುಮ್ಮಟದ ಕೆಳಗೆ ಮಲಗಿರುವ ಸುಲ್ತಾನನೇ ಇವನು. ಗುಮ್ಮಟದೊಳಗೆ ಕೂಗಿ ಮಾರ್ದನಿ ಎಣಿಸುವ ನಮ್ಮ ಮಕ್ಕಳು ಈ ಆನೆಯನ್ನು ನೋಡಿಲ್ಲ. ಲಂಡನ್ನಿನ ಒಬ್ಬ ಚಿತ್ರಕಾರರು ಅದರ ಜೊತೆ ಬಾಳಿದರು.

ಹಾಜ್‌ಕಿನ್ ತಮ್ಮ ಚಿತ್ರಗಳನ್ನು ಹೆಚ್ಚಾಗಿ ಮರದ ಹಲಗೆಯ ಮೇಲೆ ಬರೆದರು. ಬಣ್ಣ ಚಿತ್ರದಲ್ಲಿ ನಿಲ್ಲದೆ ಚೌಕಟ್ಟಿನ ಮೇಲೂ ಹರಿಯುತ್ತದೆ. ದಖ್ಖನಿ ಹಾಳೆಗಳ ಅಂಚನ್ನು ನೋಡಿ ಬೆಳೆದ ನಮ್ಮ ಕಣ್ಣಿಗೆ ಆ ಚೌಕಟ್ಟು ಗುರುತಿನ ಮುಖದ ಹಾಗೆ ಕಾಣುತ್ತದೆ. ದೆಹಲಿಯ ಬ್ರಿಟಿಷ್ ಕೌನ್ಸಿಲ್ ಕಟ್ಟಡದ ಮುಖದ ಮೇಲೆ ಕಪ್ಪು ಕಲ್ಲು, ಬಿಳಿ ಅಮೃತಶಿಲೆಗಳಲ್ಲಿ ಹರಡಿರುವ ಮರದ ನೆರಳೂ ಅವರದೇ. ಸಂಗ್ರಹವೇ ಬೇರೆ, ತಮ್ಮ ಚಿತ್ರವೇ ಬೇರೆ ಎಂದು ಅವರು ಹೇಳುತ್ತಿದ್ದರು. ಆದರೂ 2015ರಲ್ಲಿ ಟೊರೊಂಟೊದ ಆಗಾ ಖಾನ್ ಮ್ಯೂಸಿಯಂ ಅವರ ಸಂಗ್ರಹವನ್ನೂ ಭಾರತದಿಂದ ಮೂಡಿದ ಅವರ ಸ್ವಂತ ಚಿತ್ರಗಳನ್ನೂ ಒಂದೇ ಸೂರಿನಡಿ ಒಂದೇ ಹೊತ್ತಿಗೆ ತೋರಿಸಿತು. 2017ರಲ್ಲಿ ಅವರು ತೀರಿಕೊಂಡರು. ಸಂಗ್ರಹದ ಬಹುಭಾಗ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದೆ. ಟೊರೊಂಟೊದಲ್ಲಿ ಆದದ್ದು ತುಮಕೂರಿನಲ್ಲಿ ಆಗಬೇಕು, ಸಿರಸಿಯಲ್ಲಿ ಆಗಬೇಕು, ಕಲಬುರಗಿಯ ಒಂದು ಮನೆಯ ಪಡಸಾಲೆಯಲ್ಲಿ ಆಗಬೇಕು. ದೊಡ್ಡ ಮ್ಯೂಸಿಯಂ ಬಾಗಿಲು ತೆರೆಯಲಿ ಎಂದು ನಾವು ಕಾಯುತ್ತ ಕೂರುವುದಿಲ್ಲ.

ಇಲ್ಲಿಯೂ ಹಾದಿ ಹಾಕಿಕೊಟ್ಟವರಿದ್ದಾರೆ. ಚಿತ್ರಕಾರ ಎಂ.ಎಸ್. ನಂಜುಂಡರಾವ್ ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟುತ್ತಲೇ ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೂ ತೊಗಲು ಗೊಂಬೆಗಳನ್ನೂ ಹುಡುಕಿ ತಂದರು. ಆಗ ಅವುಗಳಲ್ಲಿ ಎಷ್ಟೋ ಮೂಲೆ ಸೇರಿ ಹುಳುವಿನ ಪಾಲಾಗುತ್ತಿದ್ದವು. ಅದೇ ಪರಿಷತ್ತಿನ ಒಂದು ಗ್ಯಾಲರಿಯಲ್ಲಿ ನಿಕೊಲಸ್ ರೋರಿಕ್ ಮತ್ತು ಸ್ವೆತೊಸ್ಲಾವ್ ರೋರಿಕ್, ತಂದೆ ಮಗ ಇಬ್ಬರ ಚಿತ್ರಗಳೂ ಒಟ್ಟಿಗೆ ಇವೆ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಾಳಿದ ಮಗ ತಮ್ಮವನ್ನೂ ತಂದೆಯವನ್ನೂ ಕೂಡಿಸಿ ಈ ನಾಡಿಗೆ ಕೊಟ್ಟುಹೋದರು. ತಂದೆಯ ಹಿಮಾಲಯವನ್ನು ನೋಡಿ ಮಗನ ಮುಂದೆ ನಿಂತರೆ, ಮಗ ಎಲ್ಲಿ ತಂದೆಯ ಕೈ ಹಿಡಿದಿದ್ದಾನೆ, ಎಲ್ಲಿ ಬಿಟ್ಟಿದ್ದಾನೆ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಭೋಪಾಲದ ಭಾರತ ಭವನದಲ್ಲಿ 1982ರಲ್ಲಿ ಚಿತ್ರಕಾರ ಜೆ. ಸ್ವಾಮಿನಾಥನ್ ರೂಪಂಕರ್ ಮ್ಯೂಸಿಯಂ ತೆರೆದಾಗ ಆದಿವಾಸಿಗಳ ಕೆಲಸವನ್ನೂ ನಗರದ ಚಿತ್ರಕಾರರ ಕೆಲಸವನ್ನೂ ಸಮಸಮವಾಗಿ ನಿಲ್ಲಿಸಿದರು. ಅದಕ್ಕಾಗಿ ಹಳ್ಳಿಗಳಿಗೆ ಹೋದ ತಂಡಕ್ಕೆ ಪಾಟನ್‌ಗಢದ ಮಣ್ಣಿನ ಗೋಡೆಯ ಮೇಲೆ ಕಂಡದ್ದು ಜನಗಢ ಸಿಂಗ್ ಶ್ಯಾಮ್ ಎಂಬ ಹುಡುಗನ ಕೈ. ಒಬ್ಬ ಚಿತ್ರಕಾರರು ಬೇರೆಯವರ ಚಿತ್ರ ಹುಡುಕಿ ಹೊರಟದ್ದರಿಂದ ಗೊಂಡ ಚಿತ್ರಕಲೆಯ ಇಡೀ ಒಂದು ಶಾಲೆಯೇ ಲೋಕದ ಮುಂದೆ ಬಂತು.

ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಎಣಿಸಿದರು. ಚಿತ್ರ ಬರೆಯುವವರಿಗೆ ನಾಲ್ಕನೆಯದೊಂದಿದೆ, ಅದು ಕಣ್ಣಿನ ಋಣ. ಅದನ್ನು ತೀರಿಸುತ್ತೇವೆ ಎಂದು ನಾವು ಹೇಳುವುದಿಲ್ಲ, ತೋರಿಸುತ್ತೇವೆ ಎನ್ನುತ್ತೇವೆ. ಒಬ್ಬರ ಚಿತ್ರ ಅವರ ಅರ್ಧ ಕೆಲಸವೆಂದೂ ಅವರು ಕಾಪಾಡಿದ್ದು ಉಳಿದರ್ಧವೆಂದೂ ನಾವು ನಂಬಿದ್ದೇವೆ. ಲಲಿತಕಲೆ ಮೇಲಿನ ಮೆಟ್ಟಿಲು, ಕರಕುಶಲ ಕೆಳಗಿನ ಮೆಟ್ಟಿಲು ಎಂಬ ಏಣಿಯನ್ನು ನಾವು ಮನೆಯಿಂದ ಹೊರಗೆ ಹಾಕಿದ್ದೇವೆ. ಕಿನ್ನಾಳದ ಚಿತ್ರಗಾರರ ಪೂರ್ವಿಕರು ಹಂಪಿಯಲ್ಲಿ ಚಿತ್ರ ಬರೆದವರೆಂದು ನಂಬಿಕೆ. ಹುಣಸೆ ಬೀಜದ ಅಂಟು ಕಾಯಿಸಿ ಮರದ ಮೈಗೆ ಹಚ್ಚಿ ಅವರು ಎಬ್ಬಿಸುವ ಗೌರಿಯ ಕೆನ್ನೆ, ನಾವು ಎಣ್ಣೆಬಣ್ಣದಲ್ಲಿ ವರ್ಷಗಟ್ಟಲೆ ಹುಡುಕಿದ ದುಂಡುತನವನ್ನು ಒಂದೇ ಬಳಿತದಲ್ಲಿ ಕೊಡುತ್ತದೆ. ಆ ಗೊಂಬೆ ಶೋಕೇಸಿನಿಂದ ಇಳಿದು ನಮ್ಮ ಕ್ಯಾನ್‌ವಾಸಿನ ಪಕ್ಕ ಅದೇ ಎತ್ತರದಲ್ಲಿ ನಿಲ್ಲುತ್ತದೆ. ಮಾಡಿದವರ ಹೆಸರು ಗೊತ್ತಿದ್ದರೆ ಹೆಸರು ಬರೆಯುತ್ತೇವೆ, ಇಲ್ಲದಿದ್ದರೆ ಮನೆತನ, ಅದೂ ತಿಳಿಯದಿದ್ದರೆ ಕೊಂಡ ಸಂತೆ, ಕೊಂಡ ವರ್ಷ. ಅನಾಮಿಕ ಎಂಬ ಪದವನ್ನು ನಾವು ಬಳಸುವುದಿಲ್ಲ. ಅದು ಮಾಡಿದವರ ವಿಷಯ ಏನನ್ನೂ ಹೇಳುವುದಿಲ್ಲ. ಕೇಳದೆ ಹೋದವರ ವಿಷಯವನ್ನಷ್ಟೇ ಹೇಳುತ್ತದೆ.

ಕೊಳ್ಳಲಾಗದ, ಎತ್ತಿ ತರಲಾಗದ ಋಣವೂ ಉಂಟು. ಸಾಗರ, ಸೊರಬದ ಕಡೆ ದೀವರ ಮನೆಯ ಹೆಣ್ಣುಮಕ್ಕಳು ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಕರಕಾಗಿ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಕೋಲು ಹಿಡಿದು ಎಳೆದಂತೆ ನೆಟ್ಟಗೆ ನಿಲ್ಲುವ ಆ ಎಳೆಗಳನ್ನು ಅವರು ಬರಿಗೈಯಲ್ಲಿ ಎಳೆಯುವುದನ್ನು ನೋಡಿದ ದಿನ ನಮ್ಮಲ್ಲಿ ಹಲವರು ಮನೆಗೆ ಬಂದು ತಮ್ಮ ಕುಂಚ ತೊಳೆದು ಸುಮ್ಮನೆ ಕೂತಿದ್ದರು. ಆ ಚಿತ್ತಾರವನ್ನು ಗೋಡೆಯಿಂದ ಬಿಡಿಸಿಕೊಂಡು ಬರಲಾಗದು, ಬರಲೂಬಾರದು. ಆದ್ದರಿಂದ ನಮ್ಮ ಪ್ರದರ್ಶನಗಳಲ್ಲಿ ಮೊದಲು ಬರುವವರು ಅವರು. ಎಲ್ಲಿ ಬರೆಯಬೇಕು ಎಂಬುದನ್ನು ಅವರೇ ಆರಿಸಿಕೊಳ್ಳುತ್ತಾರೆ, ನಗರದ ಭಿತ್ತಿಚಿತ್ರಕಾರರಿಗೆ ಕೊಡುವಷ್ಟೇ ಸಂಭಾವನೆ ಪಡೆಯುತ್ತಾರೆ, ಅವರ ಹೆಸರು ಬಾಗಿಲಲ್ಲಿ ನಮ್ಮ ಹೆಸರಿನ ಅಳತೆಯಲ್ಲೇ ಇರುತ್ತದೆ. ಅವರು ಬಿಟ್ಟ ಜಾಗದಲ್ಲಿ ನಮ್ಮ ಚಿತ್ರಗಳು ತೂಗುತ್ತವೆ. ಪ್ರದರ್ಶನ ಮುಗಿದ ಮೇಲೆ ಆ ಗೋಡೆ ಮಳೆಗೋ ಸುಣ್ಣಕ್ಕೋ ಹೋದರೆ ಹೋಗಲಿ. ಮದುವೆ ಮನೆಯಲ್ಲೂ ಅದು ಹಾಗೆಯೇ ಹೋಗುತ್ತದೆ.

ತೂಗುವ ಬಗೆಯೂ ನಮ್ಮದೇ ಆಗಬೇಕು. ನಮ್ಮ ಹಳೆಯ ಮನೆಗಳಲ್ಲಿ ಚಿತ್ರಪಟಗಳು ಗೋಡೆಯಿಂದ ಮುಂದಕ್ಕೆ ಬಾಗಿ ತೂಗುತ್ತಿದ್ದವು, ಚಾಪೆಯ ಮೇಲೆ ಕೂತವರ ಮುಖ ನೋಡುವ ಹಾಗೆ. ನಾವು ಚಾಪೆ ಹಾಸುತ್ತೇವೆ. ಒಂದು ಚಿತ್ರದ ಮುಂದೆ ಅರ್ಧ ಗಂಟೆ ಕೂರಬಹುದು, ಮಗು ಮಡಿಲಲ್ಲಿ ನಿದ್ದೆ ಮಾಡಬಹುದು. ಸ್ವಂತ ಚಿತ್ರಕ್ಕೂ ಸಂಗ್ರಹದ ಚಿತ್ರಕ್ಕೂ ಒಂದೇ ಬೆಳಕು, ಒಂದೇ ಬಗೆಯ ಚೀಟಿ. ಚೀಟಿಯಲ್ಲಿ ಬಣ್ಣದ ವಿವರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅದು ನಮ್ಮ ಕೈಗೆ ಹೇಗೆ ಬಂತು ಎಂಬುದು ಇರಲೇಬೇಕು. ಕೊಟ್ಟವರು ಯಾರು, ಬದಲಿಗೆ ಏನು ಕೊಟ್ಟೆವು, ಅದರಿಂದ ಏನು ಕಲಿತೆವು, ಏನನ್ನು ಕಲಿಯಲಾಗಲಿಲ್ಲ. ಕಾಪಾಡಿದವರ ಹೆಸರೂ ಬರುತ್ತದೆ. ನಾವು ಊರೂರು ಪ್ರದರ್ಶನಕ್ಕೆ ಅಲೆಯುವಾಗ ಟ್ರಂಕಿಗೆ ಬೇವಿನ ಸೊಪ್ಪು ಹಾಕಿ, ಆಷಾಢದ ತೇವ ಹಿಡಿಯದಂತೆ ಹಾಳೆಗಳನ್ನು ನೆರಳಲ್ಲಿ ಆರಹಾಕಿದವರು ಅಮ್ಮಂದಿರು, ಹೆಂಡತಿಯರು, ಗಂಡಂದಿರು, ಬಾಡಿಗೆ ಮನೆಯ ಪಕ್ಕದ ಅಜ್ಜಿಯರು. ಯಾವ ಕ್ಯಾಟಲಾಗೂ ಈವರೆಗೆ ಅವರನ್ನು ನೆನೆದಿಲ್ಲ.

ಪ್ರದರ್ಶನಕ್ಕೆ ಬಂದ ಸಂಗ್ರಹದ ಚಿತ್ರ ಅಲ್ಲಿ ಮಾರಾಟಕ್ಕಿಲ್ಲ. ನಮ್ಮ ಸ್ವಂತದ್ದನ್ನು ಮಾರಬಹುದು, ನಾವೂ ಉಣ್ಣಬೇಕು, ಮನೆ ಬಾಡಿಗೆ ಕಟ್ಟಬೇಕು. ಆದರೆ ಹಿರಿಯರೊಬ್ಬರ ಹೆಸರನ್ನು ಪಕ್ಕದಲ್ಲಿ ತೂಗಿ ನಮ್ಮ ಬೆಲೆ ಏರಿಸಿಕೊಳ್ಳುವ ಕೆಲಸಕ್ಕೆ ನಮ್ಮ ನಡುವೆ ಜಾಗವಿಲ್ಲ. ಗುಡಿಯಿಂದ ಕದ್ದು ತಂದದ್ದು, ಎಲ್ಲಿಂದ ಬಂತೆಂದು ಹೇಳಲಾಗದ್ದು ನಮ್ಮ ಗೋಡೆಗೆ ಬರುವುದಿಲ್ಲ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಇದೆ. ನೋಂದಣಿ ಬೇಕಾದದ್ದಕ್ಕೆ ನೋಂದಣಿ ಮಾಡಿಸುತ್ತೇವೆ. ಋಣವನ್ನು ತೋರಿಸಲು ಹೊರಟವರ ಕೈ ಚೊಕ್ಕವಾಗಿರಬೇಕು. ಮತ್ತು ಪ್ರತಿಯೊಬ್ಬರೂ ಒಂದು ದಫ್ತರ ಇಡಬೇಕು. ಯಾವ ಚಿತ್ರ, ಯಾರದು, ಯಾವಾಗ ಬಂತು, ನಮ್ಮ ನಂತರ ಎಲ್ಲಿಗೆ ಹೋಗಬೇಕು ಎಂದು ಕನ್ನಡದಲ್ಲಿ, ಮನೆಯವರು ಓದಬಲ್ಲ ಅಕ್ಷರದಲ್ಲಿ ಬರೆದಿಡಬೇಕು. ಆ ಗುರುಗಳ ಅಟ್ಟ ಇನ್ನೊಂದು ಮನೆಯಲ್ಲಿ ಬರಿದಾಗಬಾರದು.

ಪಕ್ಕದ ಚಿತ್ರದ ಎದುರು ನನ್ನದು ಸಪ್ಪೆಯಾದರೆ ಎಂದು ನಮ್ಮ ನಡುವೆ ಒಬ್ಬ ಕಿರಿಯ ಗೆಳೆಯ ಕೇಳಿದ. ಆಗುತ್ತದೆ, ಕೆಲವು ಸಲ ಆಗಿಯೇ ಆಗುತ್ತದೆ. ಹಸೆ ಚಿತ್ತಾರದ ಪಕ್ಕ ನಮ್ಮ ಗೆರೆ ನಡುಗಿದ್ದು ಎಲ್ಲರಿಗೂ ಕಾಣುತ್ತದೆ. ಕಾಣಲಿ. ತನ್ನ ಚಿತ್ರಕ್ಕಿಂತ ಮೇಲಾದುದನ್ನು ತಾನೇ ತಂದು ಪಕ್ಕಕ್ಕೆ ತೂಗುವ ಚಿತ್ರಕಾರ ಎದುರಿಗಿದ್ದಾಗ ನೋಡುವವರು ಬೇರೆ ಬಗೆಯಲ್ಲಿ ನೋಡುತ್ತಾರೆ. ಅವರ ಕಣ್ಣು ತೀರ್ಪು ಕೊಡುವುದನ್ನು ಬಿಟ್ಟು ಹಾದಿ ಹುಡುಕುತ್ತದೆ: ಇಲ್ಲಿಂದ ಅಲ್ಲಿಗೆ ಇವನು ಹೇಗೆ ನಡೆದ, ಇವಳು ಎಲ್ಲಿ ದಾರಿ ಬಿಟ್ಟು ತನ್ನದೊಂದು ಕಾಲುದಾರಿ ಹಿಡಿದಳು. ಚಿತ್ರ ಕಲಿಯುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಇಲ್ಲ. ಅವರಿಗಾಗಿ ನಮ್ಮ ಕೆಟ್ಟ ನಕಲುಗಳನ್ನೂ ತೂಗುತ್ತೇವೆ, ಗುರುಗಳ ಕೆಂಪು ಪೆನ್ಸಿಲ್ಲಿನ ಗುರುತುಗಳ ಸಮೇತ.

ಬರಲಿರುವ ಗೆಳೆಯರೇ, ಗೆಳತಿಯರೇ, ಈ ಚಳವಳಿಗೆ ನಾವು ಇನ್ನೂ ಹೆಸರಿಟ್ಟಿಲ್ಲ, ಅಧ್ಯಕ್ಷರನ್ನು ಆರಿಸಿಲ್ಲ, ಕಚೇರಿ ಹಿಡಿದಿಲ್ಲ. ಧಾರವಾಡದಲ್ಲಿ ಓದುತ್ತಿರುವವರು, ಮೈಸೂರಿನಲ್ಲಿ ಬೋರ್ಡು ಬರೆಯುತ್ತಿರುವವರು, ಮುಂಬೈಯಲ್ಲೋ ದುಬೈಯಲ್ಲೋ ಕೆಲಸದ ನಡುವೆ ರಾತ್ರಿ ಚಿತ್ರ ಬರೆಯುವವರು, ನೀವೆಲ್ಲ ನಮ್ಮವರೇ. ಸಂಗ್ರಹ ಎಂದೊಡನೆ ನಮ್ಮಲ್ಲಿ ಏನಿದೆ ಎಂದು ಹಿಂಜರಿಯಬೇಡಿ. ಚಿಕ್ಕಂದಿನಲ್ಲಿ ಕೂಡಿಟ್ಟ ಬೆಂಕಿಪೊಟ್ಟಣದ ಚಿತ್ರಗಳು ಸಂಗ್ರಹ. ಅಂಗಡಿಯವರು ಕೊಟ್ಟ ಹಳೆಯ ಕ್ಯಾಲೆಂಡರಿನ ಶಿವ ಪಾರ್ವತಿಯರು ಸಂಗ್ರಹ, ಕಲಬುರಗಿಯ ಎಸ್.ಎಂ. ಪಂಡಿತರಂಥ ದೊಡ್ಡ ಚಿತ್ರಕಾರರ ಕೈ ಕ್ಯಾಲೆಂಡರುಗಳ ಮೂಲಕವೇ ನಮ್ಮ ಅಡುಗೆಮನೆಗಳಿಗೆ ಬಂದದ್ದು. ನಿಮ್ಮ ಕಣ್ಣು ಮೊದಲು ಎಲ್ಲಿ ನಿಂತಿತೋ ಅಲ್ಲಿಗೆ ಹಿಂದಿರುಗಿ ಹುಡುಕಿ. ಎರಡು ಚಿತ್ರ ತನ್ನಿ, ನಿಮ್ಮದೊಂದು, ನಿಮ್ಮದಲ್ಲದ್ದೊಂದು. ಜೊತೆಗೆ ಒಂದು ಗಟ್ಟಿ ದಾರ.

ನಮ್ಮ ಮೊದಲ ಪ್ರದರ್ಶನಕ್ಕೆ ಮೊದಲು ಬಂದದ್ದು ಹಾಸನದ ಕಡೆಯ ಒಬ್ಬ ಹುಡುಗಿಯ ಪಾರ್ಸೆಲ್. ಅವಳದೊಂದು ದೊಡ್ಡ ಕಪ್ಪು ಬಿಳುಪು ಚಿತ್ರ. ಕಪ್ಪಿನ ಮೇಲೆ ಬಿಳಿಯ ಬಳ್ಳಿಗಳು ಒಂದನ್ನೊಂದು ಸುತ್ತಿ, ಬಿಡಿಸಿಕೊಂಡು, ಅಂಚು ದಾಟಿ ಹೋಗುತ್ತವೆ. ಅದರ ಜೊತೆ ಅವಳ ತಾಯಿಯ ರಂಗೋಲಿ ಪುಸ್ತಕ. ಗೆರೆ ಹಾಳೆಯ ಹಳೆಯ ನೋಟುಬುಕ್ಕು, ಪ್ರತಿ ಪುಟದಲ್ಲೂ ಚುಕ್ಕಿ ಇಟ್ಟು ಸುತ್ತಿದ ಎಳೆಗಳು, ಪಕ್ಕದಲ್ಲಿ ಹದಿನೈದರಿಂದ ಒಂದರವರೆಗೆ ಎಂಬಂಥ ಲೆಕ್ಕ. ಕೊನೆಯ ಏಳೆಂಟು ಪುಟಗಳಲ್ಲಿ ಹಾಲಿನ ಲೆಕ್ಕ ಬರೆದಿದೆ. ಆ ಪುಟಗಳನ್ನು ಹರಿದು ಕಳಿಸಬೇಕಿತ್ತೇ ಎಂದು ಅವಳು ಕಾಗದದಲ್ಲಿ ಕೇಳಿದ್ದಳು. ಬೇಡ ಎಂದು ಬರೆದಿದ್ದೇವೆ. ಪುಸ್ತಕವನ್ನು ಬಿಡಿಸಿ ಅವಳ ಚಿತ್ರದ ಎಡಕ್ಕೆ ಒಂದು ಮಣೆಯ ಮೇಲೆ ಇಡುತ್ತೇವೆ. ಪುಟ ತಿರುವಿಹಾಕಲು ಅವಳ ತಾಯಿ ಬರುತ್ತೇನೆ ಎಂದಿದ್ದಾರೆ.